ಹಿಂದೆ ಅಂಟಿಕೊಂಡ ಕಾರು

ಸೈರನ್ ಎಷ್ಟು ಕೂಗಿದರೂ ಬಲಗಡೆ ಲೇನಿನ ಕಾರುಗಳು ಒಲ್ಲದ ಮನಸ್ಸಿನಿಂದಲೇ ಸರಿಯುತ್ತಿದ್ದವು. ಹಾಗೆ ಬಿಟ್ಟ ದಾರಿಯಲ್ಲಿ ಬಿಳಿ ಕಾರೊಂದು ಆಂಬುಲೆನ್ಸಿನ ಬೆನ್ನಿಗೇ ಅಂಟಿಕೊಂಡು ಬರುತ್ತಿತ್ತು. ಆಂಬುಲೆನ್ಸ್ ಡ್ರೈವರ್‌ಗೆ ಮೈಯೆಲ್ಲ ಉರಿಯುತ್ತಿತ್ತು.

"ಪೇಶೆಂಟ್ ಹೋಗ್ಬಿಟ್ರು," ಎಂದಳು ಒಳಗಿದ್ದ ನರ್ಸ್.

ಅವನು ಸೈರನ್ ನಿಲ್ಲಿಸಿ ಗಾಡಿಯನ್ನು ಪಕ್ಕಕ್ಕೆ ಹಾಕಿದ. ಕಾರೂ ನಿಂತಿತು. ಇಳಿದು ಹೋದವನೇ ಅದರ ಬಾನೆಟ್ಟಿಗೆ ಗುದ್ದಿದ.

"ನಾಚಿಕೆ ಆಗಲ್ವೇನೋ? ಸಾಯೋರ ಹೆಸರಲ್ಲಿ ಬಿಟ್ಟಿ ದಾರಿ ಬೇಕಾ ನಿಂಗೆ?"

ಕಾರಿನವನು ಕೈ ಮುಗಿದ. "ಸೈರನ್ ನಿಲ್ಲಿಸ್ಬೇಡಿ ಅಣ್ಣಾ. ಹಿಂದಿನ ಸೀಟಲ್ಲಿ ಮಗಳಿದಾಳೆ, ಹಾವು ಕಚ್ಚಿದೆ. ನನ್ನ ಹಾರ್ನಿಗೆ ಒಬ್ರೂ ದಾರಿ ಬಿಡ್ತಿಲ್ಲ."

ಆಂಬುಲೆನ್ಸಿನೊಳಗೆ ಗಂಡನ ಮುಖಕ್ಕೆ ಸೆರಗು ಹೊದಿಸುತ್ತಿದ್ದ ಹೆಂಗಸು ಕಿಟಕಿಯಿಂದ ಕೂಗಿದಳು:

"ಸೈರನ್ ಹಾಕಪ್ಪಾ. ಇವರು ಇನ್ನೂ ಇದಾರೆ ಅಂದ್ಕೊಂಡೇ ಓಡಿಸು."