ಅಜ್ಜಿಯ ಜೊತೆ ಕೆರೆಯ ಸುತ್ತ
ಹೊಂಗೆ ಹೂವಿನ ವಾಸನೆ ಮೂಗಿಗೆ ಬಡಿದರೆ ಈಗಲೂ ಬಂಗಾರಪೇಟೆಯ ಆ ಕೆರೆದಾರಿ ನೆನಪಾಗುತ್ತದೆ.

ಕೆರೆಯ ಸುತ್ತ ಹೊಸದಾಗಿ ಸಮತಟ್ಟಾದ ಕಲ್ಲುಹಾಸು ಹಾಕಿದ್ದರು. ಸೊಂಟ ಮುರಿದುಕೊಂಡಿದ್ದ ಅಜ್ಜಿಯನ್ನು ಅಮ್ಮ ಗಾಲಿಕುರ್ಚಿಯಲ್ಲಿ ತಳ್ಳುತ್ತಿದ್ದಳು. ನಾನು ಪಕ್ಕದಲ್ಲಿದ್ದೆ. ಅರ್ಧ ಸುತ್ತು ಬರುವಷ್ಟರಲ್ಲಿ ಅಮ್ಮನ ಅಕ್ಕ, ನನ್ನ ದೊಡ್ಡಮ್ಮ, ಎದುರಾದಳು.

"ಅವ್ವಾ, ಎಂಗಿದ್ದೀಯಾ?" ಎಂದು ಬಗ್ಗಿದಳು.

"ಮುಟ್ಬ್ಯಾಡ. ಅವ್ವ ಬಿದ್ದಾಗ ಬರದೋಳು ಈಗ್ಯಾಕೆ ಬಂದೆ?" ಅಮ್ಮ ಕುರ್ಚಿಯನ್ನು ಹಿಂದಕ್ಕೆಳೆದಳು.

"ಮೂರು ಸಲ ಬಂದಿದ್ದೆ. ನೀನು ಬಾಗ್ಲು ತೆಗೆದ್ಯಾ?"

ಅಜ್ಜಿ ಕತ್ತು ತಿರುಗಿಸಿ ಅಮ್ಮನನ್ನು ನೋಡಿದಳು. ಅಮ್ಮ ಕಣ್ಣು ತಪ್ಪಿಸಿ ಕುರ್ಚಿಯ ಹಿಡಿಯನ್ನು ಇನ್ನೂ ಬಿಗಿಯಾಗಿ ಹಿಡಿದಳು.

"ಕೈ ತೆಗಿ," ಎಂದಳು ಅಜ್ಜಿ. ದೊಡ್ಡಮ್ಮ ಮುಂದೆ ಬಂದಾಗ, "ನೀನೂ ಬ್ಯಾಡ. ಮಗು ತಳ್ಳಲಿ," ಎಂದಳು.

ಉಳಿದರ್ಧ ಸುತ್ತು ನಾನೇ ತಳ್ಳಿದೆ. ಅವರಿಬ್ಬರೂ ದಾರಿಯ ಎರಡು ಅಂಚು ಹಿಡಿದು, ಒಬ್ಬರನ್ನೊಬ್ಬರು ನೋಡದೆ ಹಿಂದೆ ಬಂದರು.