ಕೊಂಬಿನ ಬಣ್ಣದ ಡಬ್ಬಿ

ಗೇಟಿಗೆ ಬಳಿಯಲು ತಂದ ಪೇಂಟಿನ ವಾಸನೆ ಮೂಗಿಗೆ ಬಡಿದರೆ ಇವತ್ತಿಗೂ ನನಗೆ ಮೈಯೆಲ್ಲ ಉರಿಯುತ್ತದೆ.

ಅಂದು ಸಂಕ್ರಾಂತಿ. ಹುಲಿಕುಂಟೆಯ ನಮ್ಮ ಮನೆಯ ಎತ್ತುಗಳು ಮೈ ತೊಳೆಸಿಕೊಂಡು ಅಂಗಳದಲ್ಲಿ ನಿಂತಿದ್ದವು. ಕೊಂಬಿಗೆ ಹಚ್ಚಲೆಂದು ಅಪ್ಪ, ಹೋದ ವರ್ಷ ಉಳಿದಿದ್ದ ಕೆಂಪು ಬಣ್ಣದ ಡಬ್ಬಿಯನ್ನು ಅಟ್ಟದಿಂದ ಇಳಿಸಿದ. ಮುಚ್ಚಳ ಮುಟ್ಟಿದ ಕೂಡಲೇ ಎದ್ದು ಬಂತು. ಒಳಗಿನ ಬಣ್ಣ ಒಣಗಿ ಕಲ್ಲಾಗಿತ್ತು.

"ಒಂದು ಮುಚ್ಚಳ ನೆಟ್ಟಗೆ ಮುಚ್ಚಕ್ಕೆ ಬರಲ್ವೇನೇ ನಿಂಗೆ?" ಎಂದು ಅವ್ವನ ಮೇಲೆ ಹರಿಹಾಯ್ದ.

"ಗುಂಡುಕಲ್ಲಲ್ಲಿ ಕುಟ್ಟಿ ಕುಟ್ಟಿ ಮುಚ್ಚಿದ್ದೆ ಕಣಯ್ಯ. ಈ ಕಡೆ ಕುಂತ್ರೆ ಆ ಕಡೆ ಏಳ್ತಿತ್ತು."

ಅಪ್ಪ ನನ್ನ ಕಡೆ ತಿರುಗಿದ. "ನೀನೇ ಹೇಳು ಮಗ, ಇದನ್ನ ಮುಚ್ಚಿದ್ದು ಯಾರು?"

ಹೋದ ಸಂಕ್ರಾಂತಿಯಲ್ಲಿ ಆ ಡಬ್ಬಿಯನ್ನು ಅಲುಗದಂತೆ ಹಿಡಿದು ಕೂತಿದ್ದವಳು ನಾನು. "ಚಮಚ ತತ್ತೀನಿ ತಡಿ" ಎಂದು ಅವ್ವ ಹೇಳುತ್ತಿದ್ದರೂ ಕೇಳದೆ, ಅಪ್ಪ ಕುಡುಗೋಲಿನ ಮೊನೆ ತೂರಿಸಿ ಮುಚ್ಚಳದ ಅಂಚನ್ನು ಸೊಟ್ಟ ಮಾಡಿದ್ದನ್ನು ಕಣ್ಣಾರೆ ಕಂಡಿದ್ದೆ.

"ಅವ್ವ" ಎಂದೆ.

"ಕೇಳುಸ್ತೇನೇ?" ಎಂದ ಅಪ್ಪ, ಗೆದ್ದವನಂತೆ. ಅವ್ವ ನನ್ನ ಮುಖವನ್ನೂ ನೋಡದೆ, ಕೊಂಬಿಗೆ ಹಚ್ಚಲು ಅರಿಶಿನ ಕಲಸತೊಡಗಿದಳು.

ಮುಚ್ಚಳ ತೆಗೆದಿದ್ದು ಯಾರೆಂದು ಅಪ್ಪ ಕೇಳಲಿಲ್ಲ. ನಾನೂ ಹೇಳಲಿಲ್ಲ.