ಬಣ್ಣ ಬದಲಿಸುವ ಚುಕ್ಕಿ

ಧಾರವಾಡದ ಒಂದು ಲೇಡೀಸ್ ಹಾಸ್ಟೆಲ್... ಎಂ.ಎಸ್ಸಿ. ಓದುವ ತೇಜಸ್ವಿನಿಗೆ ಅಂದು ಮಧ್ಯಾಹ್ನ ಪ್ರಾಜೆಕ್ಟ್ ಡೆಮೊ.

ಯಾರು ಯಾರಿಗೆ ಹತ್ತಿರ ಎಂದು ನೋಡಿ ಗುಂಪು ಮಾಡುವ ಅಲ್ಗಾರಿದಂ ಅವಳದು.

"ಜ್ವರ ಬಂದ್ರ ಯಾರ ರೂಮಿನ ಬಾಗಲಾ ಬಡೀತಿ?" ಎಂದು ಹಾಸ್ಟೆಲಿನ ಹುಡುಗಿಯರನ್ನೆಲ್ಲ ಕೇಳಿದ್ದಳು. ಒಬ್ಬೊಬ್ಬ ಹುಡುಗಿ ಒಂದೊಂದು ಚುಕ್ಕಿ, ಹೆಸರು ಹೇಳಿದವಳಿಂದ ಹೇಳಿಸಿಕೊಂಡವಳಿಗೆ ಒಂದು ಗೆರೆ... ಒಂದೊಂದು ಗುಂಪಿಗೆ ಒಂದೊಂದು ಬಣ್ಣ. ಹೊಸ ವರ್ಷದ ರೂಮುಗಳನ್ನು ಇದರಂತೆಯೇ ಹಂಚುವುದಾಗಿ ವಾರ್ಡನ್ ಮೇಡಂ ಖುಷಿಯಿಂದ ಒಪ್ಪಿದ್ದರು.

ಆದರೆ ಒಂದು ಚುಕ್ಕಿ ಮಾತ್ರ ಕಾಟ ಕೊಡುತ್ತಿತ್ತು... ನೀಲಾಂಬಿಕಾ! ಪ್ರೋಗ್ರಾಂ ಓಡಿಸಿದಾಗಲೆಲ್ಲ ಅವಳ ಬಣ್ಣ ಬೇರೆ. ಒಮ್ಮೆ ಹಸಿರು, ಒಮ್ಮೆ ಕೆಂಪು...

ಪ್ರಾಜೆಕ್ಟ್ ಗೈಡ್ ಕಾರಣ ಕೇಳಿದರೆ ಏನು ಹೇಳುವುದು?

"ನೀಲಾ ಯಾವ ಗುಂಪಿಗೂ ಕೂಡೂದಿಲ್ರೀ ಮೇಡಂ," ಎಂದು ಹಿಂದಿನ ದಿನವೇ ವಾರ್ಡನ್‌ಗೆ ಹೇಳಿಬಿಟ್ಟಿದ್ದಳು. ಈಗ ಈ ತಲೆನೋವೇ ಬೇಡವೆಂದು ಆ ಚುಕ್ಕಿಯನ್ನು ಅಳಿಸಿ ಮತ್ತೆ ಓಡಿಸಿದಳು.

ಪರದೆಗೆ ಬಾಗಿ ಮತ್ತೊಮ್ಮೆ ನೋಡಿದಳು!

ಗುಂಪುಗಳ ನಡುವೆ ಇದ್ದ ಗೆರೆಗಳೆಲ್ಲ ಮಾಯ... ಬೀದರಿನವರು ಒಂದು ಕಡೆ, ಕಾರವಾರದವರು ಇನ್ನೊಂದು ಕಡೆ, ಸೀನಿಯರ್‌ಗಳು ಮತ್ತೆಲ್ಲೋ. ಇವರೆಲ್ಲ ಜ್ವರ ಬಂದಾಗ ಬಡಿಯುತ್ತಿದ್ದದ್ದು ನೀಲಾಳ ಬಾಗಿಲನ್ನು; ಅದಕ್ಕೇ ಅವಳ ಬಣ್ಣ ಒಂದೇ ಗುಂಪಿನಲ್ಲಿ ನಿಲ್ಲುತ್ತಿರಲಿಲ್ಲ. ತೇಜಸ್ವಿನಿಯೂ ಅಷ್ಟೇ!

ನೀಲಾ ಮಾತ್ರ ಆ ಪ್ರಶ್ನೆಗೆ "ಯಾರೂ ಇಲ್ಲ" ಎಂದಿದ್ದಳು...

ಅಷ್ಟರಲ್ಲಿ ರೂಮ್‌ಮೇಟ್ ಏದುಸಿರು ಬಿಡುತ್ತಾ ಬಂದಳು. "ತೇಜೂ, ನೀಲಾ ಹಾಸ್ಟೆಲ್ ಬಿಟ್ಟು ಹೊಂಟಾಳ! ಯಾವ ಗುಂಪಿಗೂ ಕೂಡೂದಿಲ್ಲಂತ ಮೇಡಂ ಆಕಿಗೆ ಗೇಟಿನ ಬಾಜೂ ಸಿಂಗಲ್ ರೂಮಿಗೆ ಹೋಗಂದ್ರಂತ, ಅದಕ್ಕ..."

ಡೆಮೊಗೆ ಗೈಡ್ ಬರುವ ಹೊತ್ತಾಗಿತ್ತು. ಮಾರ್ಕ್ಸ್ ಹೋದರೆ ಹಾಳಾಗಿ ಹೋಗಲಿ... ಲ್ಯಾಪ್‌ಟಾಪ್ ಎದೆಗವಚಿಕೊಂಡು ತೇಜಸ್ವಿನಿ ಗೇಟಿಗೆ ಓಡಿದಳು. ನೀಲಾಳ ಟ್ರಂಕ್ ಆಗಲೇ ಆಟೋ ಏರಿತ್ತು.

"ನಾ ಯಾರ ಗುಂಪಿನಾಕಿನೂ ಅಲ್ಲಂತ ನಿನ್ನ ಕಂಪ್ಯೂಟರ್ ಹೇಳೇತಂತಲ್ಲ..." ನೀಲಾ ಆಟೋ ಹತ್ತಲು ಹೊರಟಳು. "ಖರೇನ ಐತಿ ಬಿಡು."

"ಕಂಪ್ಯೂಟರ್ ಹಂಗಂದಿಲ್ಲ ನೀಲಾ... ಅದು ಹೇಳಿದ್ದು ನಂಗ ತಿಳೀಲಿಲ್ಲ." ತೇಜಸ್ವಿನಿ ಲ್ಯಾಪ್‌ಟಾಪ್ ತೆರೆದು ಹಿಡಿದಳು. "ನೋಡಿಲ್ಲೆ... ನೀ ಹೋದ ಮ್ಯಾಲಿನ ಹಾಸ್ಟೆಲ್ ಇದು."

ಚದುರಿ ಬಿದ್ದಿದ್ದ ಚುಕ್ಕಿಗಳನ್ನು ನೀಲಾ ಬಹಳ ಹೊತ್ತು ನೋಡಿದಳು. ಆಮೇಲೆ ಬಾಯಿಗೆ ದುಪಟ್ಟಾ ಒತ್ತಿಕೊಂಡು ಅತ್ತುಬಿಟ್ಟಳು...

ತೇಜಸ್ವಿನಿ ಆಟೋದಿಂದ ಟ್ರಂಕ್ ಇಳಿಸಿದಳು. "ಸಿಂಗಲ್ ರೂಮ್ ಯಾಕ? ನಿನ್ನ ಜೋಡಿ ನಾ ಇರ್ತೀನಿ, ನಡಿ."

ಎಲ್ಲರನ್ನೂ ಜೋಡಿಸುವವರು ಯಾವ ಗುಂಪಿನ ಲೆಕ್ಕಕ್ಕೂ ಸಿಗುವುದಿಲ್ಲ... ಅವರು ಎದ್ದು ಹೋದಾಗಲೇ ಅವರ ಬೆಲೆ ತಿಳಿಯುವುದು.

ನಿಮ್ಮ ಮನೆಯಲ್ಲೋ ಆಫೀಸಿನಲ್ಲೋ ಅಂಥವರೊಬ್ಬರು ಇದ್ದೇ ಇರುತ್ತಾರೆ... "ನಿಮಗೆ ಯಾರಿದ್ದಾರೆ?" ಎಂದು ಅವರನ್ನು ಎಂದಾದರೂ ಕೇಳಿದ್ದೀರಾ?